ಬಿನ್ನಾಣ ಯಾರದ್ದು? ಮದನಿಕೆಯದೋ, ಕೆತ್ತಿದವನದೋ?

ಗೆಳೆಯರೇ,

ಹೋದ ತಿಂಗಳು ಸೋದರತ್ತೆಯನ್ನು ಕರೆದುಕೊಂಡು ಬೇಲೂರಿನ ಚೆನ್ನಕೇಶವ ಗುಡಿಗೆ ಹೋಗಿದ್ದೆ. ಅಲ್ಲಿ ಕಂಬಗಳ ಮೇಲ್ತುದಿಯಲ್ಲಿರುವ ಕಲ್ಲಿನ ಚೆಲುವೆಯರೇ ಮದನಿಕೆಯರು. ಅವರಲ್ಲಿ ಕನ್ನಡಿ ನೋಡಿಕೊಳ್ಳುತ್ತಿರುವ ದರ್ಪಣಸುಂದರಿಯ ಕೆಳಗೆ ನಿಂತು ಗೈಡ್ 'ಇದು ತ್ರಿಭಂಗ, ಶೃಂಗಾರ ರಸ' ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ಅತ್ತೆ ಕತ್ತೆತ್ತಿ ನೋಡಿ, 'ಅಬ್ಬಾ, ಏನು ಬಿನ್ನಾಣ ಇವಳದ್ದು!' ಎಂದರು. ನನಗೆ ಅತ್ತೆಯ ಮಾತೇ ಸರಿ ಅನ್ನಿಸಿತು. ಆದರೆ ಮಗಳು ಕನ್ನಡಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ 'ಸಾಕು ನಿನ್ನ ಬಿನ್ನಾಣ' ಎಂದು ಬೈಯುವವರೂ ಇದೇ ಅತ್ತೆ! ಪದ ಒಂದೇ. ಕಲ್ಲಿನ ಹುಡುಗಿಗೆ ಹೊಗಳಿಕೆ, ಮನೆಯ ಹುಡುಗಿಗೆ ಬೈಗುಳ.

ಮೊದಲು 'ತ್ರಿಭಂಗ'ದ ಮಾತು. ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆಗೆ, ಎದೆ ಇನ್ನೊಂದು ಕಡೆಗೆ, ತಲೆ ಮತ್ತೆ ಈ ಕಡೆಗೆ. ಮೂರು ಬಾಗು. ಆದರೆ ಕನ್ನಡದ ಕಿವಿಗೆ 'ಭಂಗ' ಎಂದರೆ ಮಾನಭಂಗ, ಶಾಂತಿಭಂಗ, ಅಲ್ವಾ? 'ಭಂಜ್' ಧಾತುವಿನ ಅರ್ಥವೇ ಮುರಿಯುವುದು. ಸಂಸ್ಕೃತದಲ್ಲಿ ಭಂಗ ಎಂದರೆ ಅಲೆ ಎಂದೂ ಆಗುತ್ತದೆ, ಈ ಮೂರ್ತಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಇಂಥ ಹೆಣ್ಣುಮೂರ್ತಿಗೆ ಹೇಳುವ 'ಸಾಲಭಂಜಿಕೆ'ಯೂ ಇದೇ ಧಾತುವಿನವಳು, ಸಾಲವೃಕ್ಷದ ಕೊಂಬೆ ಮುರಿಯುವವಳು. ಚಿಕ್ಕವನಿದ್ದಾಗ ನಾನು ಅದನ್ನು 'ಸಾಲಾಗಿ ನಿಂತ ಬೊಂಬೆ' ಅಂದುಕೊಂಡಿದ್ದೆ. ನಗಬೇಡಿ.

ಈ ಬಾಗನ್ನು ಬಿಟ್ಟರೆ ಮದನಿಕೆಯಲ್ಲಿ ಭಾವಕ್ಕೆ ಬೇರೆ ಜಾಗವೇ ಇಲ್ಲ ಎಂದು ನನ್ನ ಅನಿಸಿಕೆ. ಒಟ್ಟು 42 ಮದನಿಕೆಯರಿದ್ದಾರೆ. ಮುಖಗಳಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ, ಎಲ್ಲವೂ ಶಾಂತ. ಮುಖಕ್ಕೆ ಅಂಗೈ ಅಡ್ಡ ಹಿಡಿದು ನೋಡಿ. ಒಬ್ಬಳು ತನ್ನ ಚೆಲುವಿಗೆ ತಾನೇ ಸೋತಿದ್ದಾಳೆ, ಇನ್ನೊಬ್ಬಳು ಬಟ್ಟೆ ಜಗ್ಗುತ್ತಿರುವ ಕೋತಿಯ ಮೇಲೆ ಸಿಟ್ಟಾಗಿದ್ದಾಳೆ ಎಂದು ಆಗಲೂ ಗೊತ್ತಾಗುತ್ತದೆ. ಸಿಟ್ಟು, ನಾಚಿಕೆ, ಬಯಕೆ ಎಲ್ಲ ಸೊಂಟದಲ್ಲಿ, ಹೆಗಲಲ್ಲಿ, ಬೆರಳ ತುದಿಯಲ್ಲಿ. ಕಲ್ಲೂ ಅದಕ್ಕೆ ತಕ್ಕದ್ದೇ: ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಬಳೆಯ ಸಣ್ಣ ಗೆರೆಯನ್ನೂ ಬಿಡಿಸಲು ಆದದ್ದು ಹಾಗೆ.

ಈಗ ಬಿನ್ನಾಣ. ಶಾಲೆಯ ತತ್ಸಮ-ತದ್ಭವ ಪಟ್ಟಿ ನೆನಪಿದೆಯೇ? ವಿಜ್ಞಾನ - ಬಿನ್ನಾಣ. ಹೌದು, ಆ ವಿಜ್ಞಾನವೇ! ಹಳೆಯ ಕನ್ನಡದಲ್ಲಿ ಬಿನ್ನಣ, ಬಿನ್ನಾಣ ಎಂದರೆ ಕೈಚಳಕ, ಕುಶಲತೆ. ಬಿನ್ನಾಣಿ ಎಂದರೆ ನುರಿತ ಕಸುಬುದಾರ. ಅಂದರೆ 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಕಾಲಕ್ಕೆ, ಬಳ್ಳಿಗಾವೆಯಿಂದ ಬಂದು ಮೂರ್ತಿಗಳ ಕೆಳಗೆ ಹೆಸರು ಕೊರೆದ ದಾಸೋಜ, ಅವನ ಮಗ ಚಾವಣ ಬಿನ್ನಾಣಿಗಳು. ಉಳಿ ಹಿಡಿದವನ ಬಿನ್ನಾಣ ಹೆಣ್ಣಿನ ಬಿನ್ನಾಣ ಆದದ್ದು ಯಾವಾಗ, ಹೇಗೆ? ಮೈಯನ್ನು ಹೀಗೆ ನಿಲ್ಲಿಸುವುದೂ ಒಂದು ಕುಶಲತೆ ಎಂಬ ಎಳೆ ಹಿಡಿದು ಬಂತೇ? 'ಬಿನ್ನಾಣಗಿತ್ತಿ' ಎನ್ನುವಾಗ ಆ ಕುಶಲತೆಯೇ ಮೋಸ ಎನಿಸಿಕೊಳ್ಳುತ್ತದೆ.

ಇದರ ಜೊತೆಯವಕ್ಕೂ ಇದೇ ಗತಿ. 'ಒನಪು ಒಯ್ಯಾರ' ಎಂದು ಜೋಡಿಯಾಗಿ ಹೇಳುತ್ತೇವೆ. ನನಗೆ ಒನಪು ಮೈಗೆ ತಾನಾಗಿ ಬಂದದ್ದು, ಒಯ್ಯಾರ ನೋಡುವವರಿದ್ದಾರೆ ಎಂದು ಗೊತ್ತಿದ್ದೇ ತೋರುವುದು. ಈ ಲೆಕ್ಕದಲ್ಲಿ ದರ್ಪಣಸುಂದರಿಯದು ಒನಪು. ಕನ್ನಡಿ ಬಿಟ್ಟರೆ ಅವಳಿಗೆ ಲೋಕವೇ ಇಲ್ಲ. ಆದರೆ ಇದು ನನ್ನ ಕಿವಿಯ ಲೆಕ್ಕ ಅಷ್ಟೆ.

ಇನ್ನೊಂದು. ಗಂಡಸಿನ ಮೈಗೆ ಈ ಯಾವ ಪದವನ್ನೂ ನಾವು ಬಳಸುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಹೊಗಳಿದ ಹಳೆಯ ಕವಿ ಬೊಪ್ಪಣ, ಎತ್ತರವಿದ್ದಲ್ಲಿ ಸೌಂದರ್ಯ ಇರದು, ಇವನಲ್ಲಿ ಎರಡೂ ಇವೆ ಎಂದು ಬೆರಗಾದ. ಅವನು ಹಿಡಿದದ್ದು 'ಸೌಂದರ್ಯ'ವನ್ನು. ಬಾಗೇ ಇಲ್ಲದೆ ನೆಟ್ಟಗೆ ನಿಂತ ಮೈಗೆ ಒನಪು ಎನ್ನಲು ಆಗುವುದಿಲ್ಲವೋ, ಗಂಡಸು ಎಂಬ ಕಾರಣಕ್ಕೋ?

ನಿಮ್ಮ ಕಡೆ ಬಿನ್ನಾಣ ಪದವನ್ನು ಈಗಲೂ ಬಡಗಿ, ಅಕ್ಕಸಾಲಿ, ಕಲ್ಲುಕುಟಿಗರ ಕೈಚಳಕಕ್ಕೆ ಬಳಸುತ್ತಾರೆಯೇ? ಹಳ್ಳಿಯ ಹಿರಿಯರ ಬಾಯಲ್ಲಿ ಕೇಳಿದ್ದರೆ ಊರಿನ ಸಮೇತ ತಿಳಿಸಿ. ಒನಪು, ಒಯ್ಯಾರದ ವ್ಯತ್ಯಾಸದಲ್ಲಿ ನಾನು ಎಡವಿದ್ದರೆ ಸುಮ್ನೆ ಬಿಡಬೇಡಿ, ತಿದ್ದಿ.