ಶಸ್ತ್ರಚಿಕಿತ್ಸೆಯ ನಂತರದ ತೂಕ: ಆಹಾರ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ವಿಶ್ರಾಂತಿಯಲ್ಲಿರುವವರ ಪ್ರಶ್ನೆಗಳಿಗೆ, ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆಯಾಗಿರುವ ನಮ್ಮ ಗುಂಪಿನ ಸದಸ್ಯೆಯೊಬ್ಬರು ಇಂದು ಉತ್ತರಿಸಲಿದ್ದಾರೆ. ಯಾವ ಶಸ್ತ್ರಚಿಕಿತ್ಸೆ, ಆಗಿ ಎಷ್ಟು ದಿನವಾಯಿತು, ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದೀರಿ ಎಂಬುದನ್ನು ತಪ್ಪದೆ ಬರೆಯಿರಿ.

ದಾವಣಗೆರೆಯ ಸದಸ್ಯ: ಬೈಕಿನಿಂದ ಬಿದ್ದು ಪಾದದ ಕೀಲಿನ ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಆರು ವಾರ ಆ ಕಾಲೂರಬಾರದಂತೆ. ದಿನವೂ ನಡೆಯುತ್ತಿದ್ದ ನನಗೆ ಈಗ ಹಾಸಿಗೆಯೇ ಗತಿಯಾಗಿದ್ದು, ತೂಕ ಮೂರು ಕಿಲೋ ಹೆಚ್ಚಿದೆ. ಅನ್ನವನ್ನು ಪೂರ್ತಿಯಾಗಿ ಬಿಟ್ಟುಬಿಡಲೇ, ಮೇಡಂ?

ತಜ್ಞೆ: ಬಿಡಬೇಡಿ, ಅರ್ಧ ಮಾಡಿ. ಓಡಾಟ ನಿಂತಾಗ ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುವುದು ನಿಜ. ಆದರೆ ಮೂಳೆ ಕೂಡುವುದಕ್ಕೂ ಗಾಯ ಮಾಯುವುದಕ್ಕೂ ಬೇಕಾದ ಪ್ರೋಟೀನು ಮೊದಲಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಅನ್ನ ಬಿಟ್ಟುಕೊಟ್ಟ ಜಾಗಕ್ಕೆ ಗಟ್ಟಿ ಬೇಳೆ, ಕಾಳಿನ ಪಲ್ಯ, ಮೊಸರು, ತರಕಾರಿ ಬರಬೇಕು. ಅಲ್ಲದೆ ಮಲಗಿದವರ ತೂಕ ಏರುವುದಕ್ಕೆ ಬಹಳ ಸಲ ಊಟಕ್ಕಿಂತಲೂ ಹೆಚ್ಚು ಕಾರಣವಾಗುವುದು ನೋಡಲು ಬಂದವರು ತರುವ ಬಿಸ್ಕತ್ತು, ಮಾಲ್ಟ್ ಪುಡಿ, ಮತ್ತು ಅವರ ಜೊತೆ ಕೂತು ಮತ್ತೆ ಮತ್ತೆ ಕುಡಿಯುವ ಕಾಫಿ. ಲೋಟಕ್ಕೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ಐದು ಲೋಟ ಕುಡಿದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ ಸೇರುತ್ತದೆ. ನಿಮ್ಮ ಊರಿನವರಿಗೆ ಇನ್ನೊಂದು ಮಾತು: ಸಂಜೆಯ ಮಂಡಕ್ಕಿ ಇರಲಿ, ಜೊತೆಗಿನ ಮೆಣಸಿನಕಾಯಿ ಬೋಂಡಾ ಬೇಡ.

ಒಂದು ಪ್ರಶ್ನೆ ನನ್ನದೂ ಇದೆ. ಕಾಲೂರಬಾರದ ನೀವು ತೂಕದ ಯಂತ್ರದ ಮೇಲೆ ನಿಂತದ್ದು ಹೇಗೆ? ದಯವಿಟ್ಟು ಇನ್ನು ಹತ್ತಬೇಡಿ. ಬ್ಯಾಂಡೇಜಿನ ಭಾರವೂ ಬಾವಿನ ನೀರೂ ಆ ಅಂಕಿಯಲ್ಲಿ ಸೇರಿರುತ್ತವೆ. ವಾರಕ್ಕೊಮ್ಮೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿಕೊಂಡರೆ ಸಾಕು.

ಶಿರಸಿಯ ಸದಸ್ಯೆ: ಗರ್ಭಕೋಶ ತೆಗೆಸಿಕೊಂಡು ಹದಿನೈದು ದಿನವಾಯಿತು. ಹೊಟ್ಟೆ ದಪ್ಪವಾದಂತೆ ಕಾಣುತ್ತದೆ. ಅನ್ನ ಬಿಡಬೇಕೇ?

ತಜ್ಞೆ: ಬಿಡಬೇಡಿ. ಮೇಲಿನ ಉತ್ತರವೇ ನಿಮಗೂ ಅನ್ವಯಿಸುತ್ತದೆ. ಈಗ ಕಾಣುತ್ತಿರುವುದರಲ್ಲಿ ಶಸ್ತ್ರಚಿಕಿತ್ಸೆಯ ಬಾವೂ ಇರಬಹುದು.

ಮೈಸೂರಿನ ಸದಸ್ಯೆ: ನಮ್ಮ ತಾಯಿಗೆ 62 ವರ್ಷ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ 24 ದಿನಗಳಾಗಿವೆ. ವ್ಯಾಯಾಮವಿಲ್ಲದಿದ್ದರೂ ಪಥ್ಯದಿಂದಲೇ ತೂಕ 78 ಕಿಲೋದಿಂದ 72ಕ್ಕೆ ಇಳಿದಿರುವುದು ನಮಗೆಲ್ಲ ಸಂತೋಷ ತಂದಿದೆ. ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ತಿಳಿಸಾರಿನ ಜೊತೆ ಒಂದು ಹಿಡಿ ಅನ್ನ, ರಾತ್ರಿ ಎರಡು ಲೋಟ ಮಜ್ಜಿಗೆ ಮಾತ್ರ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮೊದಲಿನಂತೆಯೇ ನಡೆದಿವೆ. ಹೊಲಿಗೆಯ ಒಂದು ತುದಿಯಲ್ಲಿ ಸ್ವಲ್ಪ ಒಸರುತ್ತದೆ; ಬೆಳಗಿನ ಜಾವ ಬೆವರು, ನಡುಕ ಬರುತ್ತದೆ, ನಿಶ್ಶಕ್ತಿ ಇರಬೇಕು. ಈ ಪಥ್ಯವನ್ನು ಇನ್ನೂ ಒಂದು ತಿಂಗಳು ಮುಂದುವರಿಸಬಹುದೇ?

ತಜ್ಞೆ: ಉಳಿದವರು ಕ್ಷಮಿಸಬೇಕು, ಇದಕ್ಕೆ ಮೊದಲು ಉತ್ತರಿಸುತ್ತೇನೆ. ಈ ಪಥ್ಯವನ್ನು ಇನ್ನೊಂದು ದಿನವೂ ಮುಂದುವರಿಸಬೇಡಿ.

ಬೆಳಗಿನ ಜಾವದ ಬೆವರು ಮತ್ತು ನಡುಕವನ್ನು ನಿಶ್ಶಕ್ತಿ ಎಂದು ತಳ್ಳಿಹಾಕುವಂತಿಲ್ಲ. ಗ್ಲಿಮೆಪಿರೈಡ್ ಮಾತ್ರೆಯು ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ. ಮಜ್ಜಿಗೆ ಕುಡಿದು ಮಲಗಿದವರ ರಕ್ತದಲ್ಲಿ ಆ ಹೊತ್ತಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವ ಸಂಭವ ಬಹಳ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಬೆವರು ಬಂದ ಕೂಡಲೇ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮುಂದಿನ ಮಾತ್ರೆ ಕೊಡುವ ಮೊದಲು, ಅಂದರೆ ಇಂದೇ, ಮಾತ್ರೆ ಬರೆದ ವೈದ್ಯರಿಗೆ ಕರೆ ಮಾಡಿ ಊಟ ಎಷ್ಟು ಕಡಿಮೆಯಾಗಿದೆ ಎಂಬುದನ್ನು ಹೇಳಿ. ಪ್ರಮಾಣವನ್ನು ಬದಲಿಸಬೇಕಾದವರು ಅವರು. ನೀವೂ ಅಲ್ಲ, ನಾನೂ ಅಲ್ಲ.

ಎರಡನೆಯದು ಹೊಲಿಗೆ. ಕೃತಕ ಕೀಲು ಇರಿಸಿದ ಮಂಡಿಯ ಗಾಯ 24ನೆಯ ದಿನವೂ ಒಸರುತ್ತಿದ್ದರೆ ಸೋಂಕು ಇಲ್ಲವೆಂದು ಖಚಿತವಾಗುವವರೆಗೆ ಸುಮ್ಮನಿರಬಾರದು. ಶಸ್ತ್ರಚಿಕಿತ್ಸಕರು ಅದನ್ನು ಕಣ್ಣಾರೆ ನೋಡಬೇಕು. ಫೋಟೊ ಕಳುಹಿಸಿದರೆ ಸಾಲದು.

ಇನ್ನು, ನಿಮಗೆ ಸಂತೋಷ ತಂದ ಆರು ಕಿಲೋಗಳು. ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿರಿಸಿದ ಅಧ್ಯಯನವೊಂದರಲ್ಲಿ, ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಸ್ನಾಯು ಕರಗಿತ್ತು. ನಿಮ್ಮ ತಾಯಿ ಮಲಗಿರುವುದರ ಜೊತೆಗೆ ಉಪವಾಸವನ್ನೂ ಮಾಡುತ್ತಿದ್ದಾರೆ. ಇಳಿದ ತೂಕದಲ್ಲಿ ಬಾವಿನ ನೀರಿನೊಂದಿಗೆ ತೊಡೆಯ ಸ್ನಾಯುವೂ ಸಾಕಷ್ಟು ಹೋಗಿರುತ್ತದೆ, ಮತ್ತು ಹೊಸ ಮಂಡಿಯನ್ನು ಮೇಲೆತ್ತಿ ಮೆಟ್ಟಿಲು ಹತ್ತಿಸಬೇಕಾದದ್ದು ಆ ಸ್ನಾಯುವೇ. ಶಸ್ತ್ರಚಿಕಿತ್ಸೆಯಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕು. ಅವರ ಎತ್ತರಕ್ಕೆ ತಕ್ಕ ತೂಕ 60 ಕಿಲೋ ಎಂದಿಟ್ಟುಕೊಂಡರೂ ಕನಿಷ್ಠ 72 ಗ್ರಾಂ ಆಯಿತು. ನೀವು ಬರೆದ ಪಥ್ಯದಲ್ಲಿ 20 ಗ್ರಾಂ ಕೂಡ ಇಲ್ಲ. ಸಕ್ಕರೆ ಕಾಯಿಲೆ ಇರುವುದರಿಂದ ಕ್ರಿಯಾಟಿನಿನ್ ವರದಿಯನ್ನು ವೈದ್ಯರಿಗೆ ತೋರಿಸಿ, ಮೂತ್ರಪಿಂಡ ಸರಿಯಾಗಿದೆ ಎಂದಾದರೆ ಪ್ರೋಟೀನನ್ನು ಆ ಮಟ್ಟಕ್ಕೆ ಏರಿಸಿ. ಆದರೆ ಮೂರು ಹೊತ್ತಿನ ಊಟವನ್ನು ಈ ಹೊತ್ತಿನಿಂದಲೇ ಕೊಡಿ.

ತುಮಕೂರಿನ ಸದಸ್ಯ: ಮೈಸೂರಿನವರು ಗಾಬರಿಯಾಗುವುದು ಬೇಡ. ನನಗೆ ಬಂದ ಸಂದೇಶವೊಂದನ್ನು ಹಂಚುತ್ತಿದ್ದೇನೆ: ಖಾಲಿ ಹೊಟ್ಟೆಯಲ್ಲಿ 21 ದಿನ ಸೋರೆಕಾಯಿ ರಸ ಕುಡಿದು, ಕಾಲಿಗೆ ಎಳ್ಳೆಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ, ವ್ಯಾಯಾಮವಿಲ್ಲದೆ ಎಂಟು ಕಿಲೋ ಕೊಬ್ಬು ಕರಗುತ್ತದೆ.

ತಜ್ಞೆ: ಇದನ್ನು ಯಾರೂ ಮಾಡಬಾರದು. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕಾಗಿ ತಜ್ಞರ ಸಮಿತಿಯನ್ನೇ ರಚಿಸಬೇಕಾಯಿತು. ಎಣ್ಣೆ ತಿಕ್ಕುವ ಸಲಹೆಯೂ ಅಷ್ಟೇ ಅಪಾಯಕಾರಿ. ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಸಂದೇಶವನ್ನು ಹಂಚುವ ಮೊದಲು ಇಷ್ಟನ್ನಾದರೂ ಯೋಚಿಸಬಾರದೇ?

ಧಾರವಾಡದ ಹಿರಿಯ ಸದಸ್ಯ: ತಂಗಿ, ಆ ಸಂದೇಶ ಬೇಡವೆಂದರೆ ಒಪ್ಪೋಣ. ಆದರೆ ಹಸಿ ಗಾಯವಿದ್ದಾಗ ಬೇಳೆ ತಿಂದರೆ ಕೀವಾಗುತ್ತದೆ, ಬದನೆಕಾಯಿ ಮತ್ತು ಮೊಟ್ಟೆ ನಂಜು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆಂಗಳೂರಿನ ಸದಸ್ಯ: ಆ ಹಿರಿಯರ ಕಾಲದಲ್ಲಿ ಮಂಡಿ ಬದಲಾಯಿಸುತ್ತಿರಲಿಲ್ಲ, ಸಾರ್.

ಧಾರವಾಡದ ಹಿರಿಯ ಸದಸ್ಯ: ಹಿರಿಯರನ್ನು ಹಗುರವಾಗಿ ಕಾಣುವುದು ಬೆಂಗಳೂರಿನವರಿಗೆ ಸಹಜವಿರಬಹುದು.

ಬೆಂಗಳೂರಿನ ಸದಸ್ಯ: ಊರಿನ ಮಾತು ಬೇಡ. ಅಪೆಂಡಿಕ್ಸ್ ತೆಗೆಸಿಕೊಂಡ ನನ್ನ ಅಣ್ಣನಿಗೆ ಒಂದು ತಿಂಗಳು ಬೇಳೆಯಿಲ್ಲದ ಸಾರು ಹಾಕಿದ್ದು ನಮ್ಮದೇ ಮನೆಯ ಹಿರಿಯರು. ಕೊನೆಗೆ ಅವನು ಗೋಡೆ ಹಿಡಿದು ನಡೆಯಬೇಕಾಯಿತು.

ತುಮಕೂರಿನ ಸದಸ್ಯ: ಇಬ್ಬರೂ ಜಗಳವಾಡುತ್ತಿದ್ದೀರಿ. ನಾನು ಒಳ್ಳೆಯ ಉದ್ದೇಶದಿಂದ ಹಂಚಿದ್ದಕ್ಕೆ ತಜ್ಞರು ಎಲ್ಲರೆದುರು ಗದರಿದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿರ್ವಾಹಕರು: ವೈಯಕ್ತಿಕ ಮಾತುಗಳನ್ನು ನಿಲ್ಲಿಸಿ. ಸೋರೆಕಾಯಿಯ ಸಂದೇಶವನ್ನು ಅಳಿಸಿದ್ದೇನೆ, ಉತ್ತರವನ್ನು ಉಳಿಸಿದ್ದೇನೆ.

ತಜ್ಞೆ: ಕೀವಾಗುವುದು ಸೋಂಕಿನಿಂದ, ಬೇಳೆಯಿಂದಲ್ಲ. ಒಗ್ಗದ ಪದಾರ್ಥವನ್ನು ಬಿಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಬದನೆಕಾಯಿ ಬಿಟ್ಟರೆ ಯಾರಿಗೂ ನಷ್ಟವಾಗದು. ಆದರೆ ಸಸ್ಯಾಹಾರಿಗಳಿಂದ ಬೇಳೆಯನ್ನೂ ಕಿತ್ತುಕೊಂಡರೆ ಗಾಯ ಮಾಯುವುದು ಯಾವುದರಿಂದ? ಈ ವಿಷಯಕ್ಕೆ ಮತ್ತೆ ಬರುವುದಿಲ್ಲ.

ಕಲಬುರಗಿಯ ಸದಸ್ಯ: ಪಿತ್ತಕೋಶ ತೆಗೆದ ಮೇಲೆ ತುಪ್ಪವನ್ನು ಯಾವಾಗಿನಿಂದ ಸೇವಿಸಬಹುದು?

ಹುಬ್ಬಳ್ಳಿಯ ಸದಸ್ಯೆ: ಸಿಸೇರಿಯನ್ ಆಗಿ ಐದು ವಾರವಾಯಿತು. ಅತ್ತೆಯವರು ದಿನಕ್ಕೆ ನಾಲ್ಕು ಅಂಟಿನುಂಡೆ ಕೊಡುತ್ತಾರೆ. ತೂಕ ಇಳಿಯುತ್ತಿಲ್ಲವಾದ್ದರಿಂದ ರಾತ್ರಿಯ ಊಟ ಬಿಡಲು ಯೋಚಿಸುತ್ತಿದ್ದೇನೆ. ಹೊಟ್ಟೆಗೆ ಬೆಲ್ಟ್ ಕಟ್ಟಬಹುದೇ ಎಂಬುದನ್ನೂ ತಿಳಿಸಿ.

ತಜ್ಞೆ: ಹಾಲೂಡಿಸುತ್ತಿದ್ದರೆ ಊಟ ಬಿಡಬೇಡಿ. ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕೆಂದು ನಮ್ಮ ದೇಶದ ಶಿಫಾರಸೇ ಇದೆ. ನಾಲ್ಕು ಉಂಡೆಯನ್ನು ಒಂದಕ್ಕೆ ಇಳಿಸಿ, ರಾತ್ರಿ ರೊಟ್ಟಿ, ಕಾಳು ಮತ್ತು ಸೊಪ್ಪಿನ ಪಲ್ಯ ತಿನ್ನಿ. ಅತ್ತೆಯವರಿಗೆ ಈ ಸಾಲನ್ನೇ ಓದಿ ಹೇಳಿ.

ಹಾಸನದ ಸದಸ್ಯ: ಹರ್ನಿಯಾ ಆಪರೇಷನ್ ಆಗಿದೆ. ಅನ್ನ ಬಿಟ್ಟು ಚಪಾತಿ ತಿಂದರೆ ತೂಕ ಇಳಿಯುತ್ತದೆಯೇ?

ತಜ್ಞೆ: ಇಲ್ಲ. ಮೇಲೆ ಓದಿ.

ಹಾಸನದ ಸದಸ್ಯ: ಓದಿಯೇ ಕೇಳಿದೆ. ಚಪಾತಿಯ ಮಾತು ಎಲ್ಲಿಯೂ ಇಲ್ಲ.

ತಜ್ಞೆ: ಚಪಾತಿಯೂ ಧಾನ್ಯವೇ. ನಾಲ್ಕು ತಿನ್ನುವಲ್ಲಿ ಎರಡು ತಿನ್ನಿ.

ಮೈಸೂರಿನ ಸದಸ್ಯೆ: ಮೇಡಂ, ಈಗ ಪರೀಕ್ಷಿಸಿದಾಗ ಸಕ್ಕರೆ 61 ಇತ್ತು. ನೀವು ಹೇಳಿದಂತೆ ಸಕ್ಕರೆ ನೀರು ಕುಡಿಸಿದ ಮೇಲೆ 96 ಆಯಿತು. ರಾತ್ರಿಯ ಗ್ಲಿಮೆಪಿರೈಡ್ ಕೊಡಬೇಡಿ, ನಾಳೆ ಬನ್ನಿ ಎಂದು ವೈದ್ಯರು ಹೇಳಿದ್ದಾರೆ. ಶಸ್ತ್ರಚಿಕಿತ್ಸಕರ ಬಳಿಗೆ ಸೋಮವಾರ ಹೋದರೆ ಆಗುತ್ತದೆಯೇ? ತಾಯಿ ಮೊಟ್ಟೆ ಮುಟ್ಟುವುದಿಲ್ಲ, ಏನು ಕೊಡಲಿ?

ತಜ್ಞೆ: ಸೋಮವಾರದವರೆಗೆ ಕಾಯಬೇಡಿ, ನಾಳೆಯೇ ಇಬ್ಬರನ್ನೂ ಕಾಣಿರಿ. ಅಷ್ಟರಲ್ಲಿ ಜ್ವರ ಬಂದರೆ, ಅಥವಾ ಗಾಯದ ಸುತ್ತ ಕೆಂಪು ಹರಡಿದರೆ ರಾತ್ರಿಯಾದರೂ ಹೊರಡಿ. ಈಗ 96 ಇದ್ದರೂ ಆ ಮಾತ್ರೆಯ ಪ್ರಭಾವ ಇಡೀ ದಿನ ಉಳಿಯುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು; ತಕ್ಷಣ ಎರಡು ಇಡ್ಲಿ, ಗಟ್ಟಿ ಸಾಂಬಾರ್ ಮತ್ತು ಒಂದು ಬಟ್ಟಲು ಮೊಸರು ಕೊಡಿ, ಮಲಗುವಾಗ ಹಾಲು ಕೊಡಿ, ಬೆಳಗಿನ ಜಾವ ಮೂರು ಗಂಟೆಗೆ ಎಬ್ಬಿಸಿ ಒಮ್ಮೆ ಪರೀಕ್ಷಿಸಿ. ಮೊಟ್ಟೆ ಬೇಡವೆಂದರೆ ಹೆಸರುಕಾಳು, ಪನೀರ್, ಸೋಯಾ ಚಂಕ್ಸ್ ಇವೆ. 30 ಗ್ರಾಂ ಸೋಯಾದಲ್ಲಿ ಎರಡು ಮೊಟ್ಟೆಗಿಂತ ಹೆಚ್ಚು ಪ್ರೋಟೀನು ಇರುತ್ತದೆ. ಕ್ರಿಯಾಟಿನಿನ್ ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ಅಳತೆ ಹೇಳುತ್ತೇನೆ.

ಹುಬ್ಬಳ್ಳಿಯ ಸದಸ್ಯೆ: ಬೆಲ್ಟಿನ ಬಗ್ಗೆ ಹೇಳಲಿಲ್ಲ, ಮೇಡಂ.