ಚರ್ಮಗಂಟು ರೋಗಕ್ಕೆ ಜೀನ್ ಬಾಯಿ ಮುಚ್ಚಿಸುವ ಮದ್ದು ಇದೆಯಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. 2022ರಲ್ಲಿ ನಮ್ಮ ಎಚ್‌ಎಫ್ ಹಸುವಿಗೆ ಚರ್ಮಗಂಟು ರೋಗ ಬಂದು ಮೈತುಂಬ ಗಂಟೆದ್ದಿತ್ತು. ವೀಳ್ಯದೆಲೆ, ಕಾಳುಮೆಣಸು, ಉಪ್ಪು ಅರೆದು ತಿನ್ನಿಸಿದೆವು, ಇಂಜೆಕ್ಷನ್ನೂ ಹಾಕಿಸಿದೆವು. ಬದುಕಿತು, ಹಾಲು ಮಾತ್ರ ಮೊದಲಿನಷ್ಟಾಗಲಿಲ್ಲ. ಬಯೋಟೆಕ್ ಓದುವ ಮಗಳು, ವೈರಸ್ಸಿನ ಜೀನನ್ನೇ ಸುಮ್ಮನಾಗಿಸುವ ಆರ್‌ಎನ್‌ಎ ಔಷಧ ಇದೆ ಅಂತಾಳೆ. ನಿಜವಾ?

ಉತ್ತರ: ನಿಜ ಯಜಮಾನ್ರೇ, ಆದರೆ ಅದಿನ್ನೂ ಕೊಟ್ಟಿಗೆಗೆ ಬಂದಿಲ್ಲ. ನಿಮ್ಮ ಹಸುವಿಗೆ ಹಾಕಿದ್ದು ಜ್ವರಕ್ಕೆ, ಹುಣ್ಣಿಗೆ ಸೇರುವ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ.

ಜೀನು ಪ್ರೋಟೀನ್ ಮಾಡಿಸಲು ಒಂದು ಚೀಟಿ ಕಳಿಸುತ್ತೆ. 21 ಅಕ್ಷರದಷ್ಟು ಪುಟ್ಟ ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೆ, ಜೀವಕೋಶವೇ ಆ ಚೀಟಿ ಹುಡುಕಿ ಹರಿದು ಹಾಕುತ್ತೆ. ಚರ್ಮಗಂಟಿನದೂ ಸೇರಿ ಸಿಡುಬಿನ ಜಾತಿಯ ವೈರಸ್‌ಗಳು ಜೀವಕೋಶದ ನಡುವಿನ ನ್ಯೂಕ್ಲಿಯಸ್ಸಿನೊಳಗೆ ಹೋಗದೆ, ಅದರ ಸುತ್ತಲಿನ ಸೈಟೋಪ್ಲಾಸಂನಲ್ಲೇ ಸಂಸಾರ ಹೂಡುತ್ತವೆ. ಚೀಟಿ ಹರಿಯುವುದೂ ಅಲ್ಲೇ, ಹಾಗಾಗಿ ಕೈಗೆ ಸಿಗುತ್ತವೆ. 2009ರಲ್ಲೇ ಮಂಕಿಪಾಕ್ಸ್ ವೈರಸ್ಸನ್ನು ಹೀಗೆ ತಡೆದು ತೋರಿಸಿದ್ದಾರೆ. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ.

ತೊಡಕಿರುವುದು ಸಾಗಣೆಯಲ್ಲಿ. ಬರಿ ಆರ್‌ಎನ್‌ಎ ರಕ್ತದಲ್ಲಿ ಬೇಗ ಚೂರಾಗುತ್ತೆ. ಕೊಬ್ಬಿನ ಕಣದಲ್ಲಿ ಸುತ್ತಿ ಕೊಟ್ಟರೆ ಬಹುಪಾಲು ಯಕೃತ್ತಿಗೇ ಹೋಗಿ ಕೂರುತ್ತೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಬಗೆಯ ಮೊದಲ ಔಷಧ, ಮನುಷ್ಯರಿಗೆ ಕೊಡುವ ಪ್ಯಾಟಿಸಿರಾನ್ ಕೂಡ ಯಕೃತ್ತನ್ನೇ ಗುರಿ ಮಾಡಿದ್ದು. ಅದರ ಡೋಸು ಕೆ.ಜಿ. ತೂಕಕ್ಕೆ 0.3 ಮಿ.ಗ್ರಾಂ. ಅದೇ ಲೆಕ್ಕ ಹಿಡಿದರೆ 400 ಕೆ.ಜಿ. ಹಸುವಿಗೆ 120 ಮಿ.ಗ್ರಾಂ. ಆ ದುಡ್ಡಿಗೆ ಇಡೀ ಕೊಟ್ಟಿಗೆ ಕಟ್ಟಬಹುದು!

ಪ್ರಶ್ನೆ: ಸರ್, ಆ ಮಗಳು ನಾನೇ. ಗಂಟಿನ ಮೇಲೆ ಹಚ್ಚುವ ಮುಲಾಮು ಮಾಡಿದರೆ?

ಉತ್ತರ: ಒಳ್ಳೆ ಯೋಚನೆ ಕಣಮ್ಮ. ಆದರೆ ಗಂಟು ಚರ್ಮದ ಆಳಕ್ಕಿಳಿದಿರುತ್ತೆ, ವೈರಸ್ಸು ರಕ್ತದಲ್ಲೂ ಓಡಾಡುತ್ತೆ. ಇಂಥ ದೊಡ್ಡ ಅಣು ತೊಗಲು ದಾಟುವುದೇ ಕಷ್ಟ. ನಿನಗೊಂದು ಸ್ವಾರಸ್ಯ ಹೇಳ್ತೀನಿ: ಸಿಡುಬಿನ ಜಾತಿಯದೇ ಆದ ವ್ಯಾಕ್ಸೀನಿಯಾ ವೈರಸ್ಸಿನಲ್ಲಿ ಇ3 ಅನ್ನುವ ಪ್ರೋಟೀನಿದೆ. ಜೋಡಿ ಎಳೆಯ ಆರ್‌ಎನ್‌ಎ ಕಂಡರೆ ಮೇಲೆ ಬಿದ್ದು ಬಚ್ಚಿಡುತ್ತೆ, ಜೀವಕೋಶಕ್ಕೆ ಕಳ್ಳನ ಸುಳಿವೇ ಸಿಗದ ಹಾಗೆ. ಸಂಶೋಧಕರು ಆ ಇ3 ಜೀನಿಗೇ ಗುರಿಯಿಟ್ಟು ಬಾಯಿ ಮುಚ್ಚಿಸಿದಾಗ ವೈರಸ್ಸು ಸೊರಗಿತು. ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ ಅಲ್ಲಿಂದ ಶುರು ಮಾಡು.

ಅಪ್ಪನಿಗೆ ಹೇಳು, ನೊಣ ಸೊಳ್ಳೆ ಏಳುವ ಮುಂಚೆ ಮೇಕೆ ಸಿಡುಬಿನ ಲಸಿಕೆ ಹಾಕಿಸಲಿ. ಮೇಕೆ ಸಿಡುಬು, ಚರ್ಮಗಂಟು ಎರಡರದೂ ಒಂದೇ ಕುಲದ ವೈರಸ್ಸು, ಅದಕ್ಕೇ ದನಕ್ಕೂ ಆಗುತ್ತೆ. ಗಂಟೆದ್ದ ದನಕ್ಕೆ ಮಾತ್ರ ಬೇಡ.