‘ಕಿವಿ ಮೇಲಿನ’ ಹೆಡ್‌ಫೋನ್ ಎಂದರೆ ಯಾವುದು? ‘ಸಿಂಬೆ’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಕ್ಯಾಸೆಟ್ಟುಗಳಲ್ಲಿರುವ ಬೀಸುವ ಪದ, ಸೋಬಾನೆ ಪದಗಳನ್ನು ಕೇಳಿ ಬರಹಕ್ಕೆ ಇಳಿಸುವುದು ನನ್ನ ಕೆಲಸ. ದಿನಕ್ಕೆ ಐದಾರು ಗಂಟೆ ಹೆಡ್‌ಫೋನ್ ತಲೆಯ ಮೇಲೇ ಇರುತ್ತದೆ. ಕೊಯ್ಯೆಂಬ ಸದ್ದಿನ ನಡುವೆ ಹಾಡುವ ಅಜ್ಜಿ ‘ಬಳ್ಳಿ’ ಅಂದರೋ ‘ಬೆಳ್ಳಿ’ ಅಂದರೋ ತಿಳಿಯಲು ಒಂದೇ ಸಾಲನ್ನು ಹತ್ತು ಸಲ ಕೇಳಬೇಕು. ಹೆಡ್‌ಫೋನ್ ತೆಗೆದಿಟ್ಟು ಸ್ಪೀಕರಿನಲ್ಲಿ ಕೇಳಿದರೆ ಆ ಒಂದು ಸ್ವರ ಕೈಗೆ ಸಿಗುವುದಿಲ್ಲ.

ನನ್ನ ಪ್ರಶ್ನೆ ಹುಟ್ಟಿದ್ದು ಒಂದು ತಪ್ಪು ಖರೀದಿಯಿಂದ. ಅಂತರ್ಜಾಲದ ಅಂಗಡಿಯೊಂದರ ಕನ್ನಡ ಪುಟದಲ್ಲಿ ‘ಕಿವಿಯ ಮೇಲಿನ ಹೆಡ್‌ಫೋನ್, ಆರಾಮದಾಯಕ’ ಎಂದಿತ್ತು. ಇಡೀ ಕಿವಿಯನ್ನು ಮುಚ್ಚುವಂಥದ್ದು ಅಂದುಕೊಂಡು ತರಿಸಿದೆ. ಬಂದದ್ದು ಕಿವಿಹಾಲೆಯನ್ನು ತಲೆಗೆ ಅದುಮಿ ಕೂರುವಂಥದ್ದು. ಒಂದು ಗಂಟೆಯೊಳಗೆ ಕಿವಿಯ ಅಂಚು ಕೆಂಪಾಯಿತು. ಕನ್ನಡಕದ ಕಡ್ಡಿ ಒಳಗಿನಿಂದ, ಮೆತ್ತೆ ಹೊರಗಿನಿಂದ ಒತ್ತಿ ಕಿವಿಯ ಹಿಂದೆ ಗೆರೆ ಮೂಡಿತು. ಸಿಟ್ಟು ಬಂದರೂ ಪುಟವನ್ನು ಮತ್ತೆ ಓದಿದಾಗ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ಕಿವಿಯ ಮೇಲೆಯೇ ಇತ್ತು.

ತೊಡಕು ನಮ್ಮ ‘ಮೇಲೆ’ಯಲ್ಲಿದೆ. ಮಾರುಕಟ್ಟೆಯಲ್ಲಿ ಓವರ್‌ಇಯರ್, ಆನ್‌ಇಯರ್ ಎಂದು ಎರಡು ಜಾತಿ. ಮೊದಲನೆಯದು ಕಿವಿಯನ್ನು ಒಳಗಿಟ್ಟುಕೊಂಡು ಸುತ್ತಲಿನ ತಲೆಬುರುಡೆಗೆ ಆತು ಕೂರುತ್ತದೆ. ಎರಡನೆಯದು ಹಾಲೆಯ ಮೇಲೇ ಕೂರುತ್ತದೆ. ನಾವಾದರೆ ‘ಮೇಜಿನ ಮೇಲೆ ಪುಸ್ತಕ’ ಅನ್ನುತ್ತೇವೆ, ‘ತಲೆಯ ಮೇಲೆ ಹಕ್ಕಿ ಹಾರಿತು’ ಅನ್ನುತ್ತೇವೆ, ‘ಮಗುವಿನ ಮೇಲೆ ಹೊದಿಕೆ ಹಾಕು’ ಅನ್ನುತ್ತೇವೆ. ಮುಟ್ಟಿದ್ದು, ಮುಟ್ಟದ್ದು, ಮುಚ್ಚಿದ್ದು ಎಲ್ಲಕ್ಕೂ ಅದೊಂದೇ. ಮಾತಿನಲ್ಲಿ ಇದು ಎಂದೂ ಕಾಡುವುದಿಲ್ಲ, ಏಕೆಂದರೆ ಜೊತೆಗಿರುವ ಕ್ರಿಯಾಪದ ಬಿಡಿಸಿ ಹೇಳುತ್ತದೆ. ‘ಮೇಲಿನ’ ಎಂದು ಕ್ರಿಯಾಪದವನ್ನು ಕಿತ್ತು ಹಾಕಿದಾಗಲೇ ಎರಡೂ ಒಂದಾಗಿಬಿಡುತ್ತವೆ. ಪಂಡಿತರ ಮಾತಿನಲ್ಲಿ ಇವಕ್ಕೆ ಸರ್ಕಮ್‌ಆರಲ್, ಸುಪ್ರಾಆರಲ್ ಎಂಬ ಲ್ಯಾಟಿನ್ ಮೂಲದ ಹೆಸರುಗಳಿವೆ. ‘ಸರ್ಕಮ್’ ಎಂದರೆ ಸುತ್ತ, ‘ಸುಪ್ರಾ’ ಎಂದರೆ ಮೇಲೆ. ಅಲ್ಲಿ ಗೊಂದಲವಿಲ್ಲ.

ಹಾಗಾಗಿ ನನ್ನ ಮೊದಲ ಯೋಚನೆ ಕ್ರಿಯಾಪದದ ಕಡೆಗೇ ಹೋಯಿತು: ‘ಕಿವಿ ಮುಚ್ಚುವ’, ‘ಕಿವಿ ಮೇಲೆ ಕೂರುವ’. ಸರಿಯೇ, ಆದರೆ ಕಿವಿ ಮುಚ್ಚಿಕೊಳ್ಳುವುದು ಎಂದರೆ ಕೇಳದಂತೆ ಮಾಡಿಕೊಳ್ಳುವುದು ಎಂಬ ಅರ್ಥ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕೇಳಲು ಕೊಂಡ ಸಾಧನಕ್ಕೆ ಅದು ಒಪ್ಪುವುದಿಲ್ಲ. ‘ಕವುಚುವ’ ಎಂಬುದೂ ಹೊಳೆಯಿತು, ಕೋಳಿಮರಿಗಳ ಮೇಲೆ ಮಂಕರಿ ಕವುಚುವಂತೆ. ಚಿತ್ರ ಸರಿಯಾಗಿದೆ, ಹೆಸರಾಗಿ ನಾಲಿಗೆಯಲ್ಲಿ ನಿಲ್ಲುವುದೋ ಇಲ್ಲವೋ ನೀವು ಹೇಳಬೇಕು.

ಆಮೇಲೆ ಒಂದು ದಿನ ಹೊಸ ಓವರ್‌ಇಯರ್ ಜೋಡಿಯ ಮೆತ್ತೆಯನ್ನು ಕಳಚಿ ಕೈಯಲ್ಲಿ ಹಿಡಿದಾಗ ಅದು ಸಿಂಬೆಯ ಹಾಗೇ ಕಂಡಿತು. ನಮ್ಮ ತುಮಕೂರು ಸೀಮೆಯಲ್ಲಿ ನೀರು ತರುವ ಹೆಂಗಸರು ಹಳೆಯ ಸೀರೆಯ ತುಂಡನ್ನು ಸುತ್ತಿ, ತಲೆಯ ಮೇಲಿಟ್ಟು, ಅದರ ಮೇಲೆ ಕೊಡ ಇಡುತ್ತಿದ್ದರು. ಗುಂಡುತಳದ ಮಡಕೆ ಉರುಳದಂತೆ ಅಡಿಯಲ್ಲಿ ಇಡುತ್ತಿದ್ದುದೂ ಸಿಂಬೆಯೇ. ನನ್ನ ಅಜ್ಜಿ ಸಿಂಬೆ ಸುತ್ತಿಕೊಡುವಾಗ, ‘ಮಗಾ, ಮಧ್ಯ ತೂತು ಬಿಡಬೇಕು ಕಣವ್ವ, ಇಲ್ದಿದ್ರೆ ನೆತ್ತಿ ನೋಯ್ತದೆ’ ಅನ್ನುತ್ತಿದ್ದರು. ಓವರ್‌ಇಯರ್ ಹೆಡ್‌ಫೋನಿನ ಗುಟ್ಟೂ ಅದೇ. ನೋಯುವ ಜಾಗವನ್ನು ತೂತಿನಲ್ಲಿ ಬಿಟ್ಟು, ಒತ್ತಡವನ್ನು ಸುತ್ತಲಿನ ಗಟ್ಟಿ ಎಲುಬಿಗೆ ಹಂಚುವುದು. ಆ ತೂತು ಚಿಕ್ಕದಾಗಿ ಅಥವಾ ಆಳ ಸಾಲದೆ ಕಿವಿ ಒಳಗಿನ ಗಟ್ಟಿ ಭಾಗಕ್ಕೆ ತಾಗಿದರೆ, ಎಷ್ಟು ಮೆತ್ತಗಿದ್ದರೂ ಎರಡು ಗಂಟೆ ತಡೆಯುವುದಿಲ್ಲ.

ಆದ್ದರಿಂದ ನನ್ನ ಸೂಚನೆ: ಓವರ್‌ಇಯರಿಗೆ ‘ಸಿಂಬೆ ಹೆಡ್‌ಫೋನ್’, ಆನ್‌ಇಯರಿಗೆ ‘ಮೆತ್ತೆ ಹೆಡ್‌ಫೋನ್’. ತೂತಿದ್ದರೆ ಸಿಂಬೆ, ಇಲ್ಲದಿದ್ದರೆ ಮೆತ್ತೆ. ಹೆಡ್‌ಫೋನ್ ಎಂಬ ಪದವನ್ನೇ ಬದಲಿಸುವ ಆಸೆ ನನಗಿಲ್ಲ. ಅದು ಕನ್ನಡವಾಗಿ ಬಹಳ ಕಾಲವಾಯಿತು. ಹಳ್ಳಿಯ ಹಳೆಯ ಪದವನ್ನು ಯಂತ್ರಕ್ಕೆ ಅಂಟಿಸುವುದು ಸರಿಯೇ ಎಂದು ಕೆಲವರು ಕೇಳಬಹುದು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಸಿದ ರೇಡಿಯೊ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತಲ್ಲ, ಅದು ಪುರಾಣದ ಕಥೆಗಳಲ್ಲಿ ಎಲ್ಲರೂ ಕೇಳಿದ್ದ ಪದ. ಹಳೆಯ ಪದಕ್ಕೆ ಹೊಸ ಕೆಲಸ ಸಿಕ್ಕಿತು, ಆಮೇಲೆ ದೇಶಕ್ಕೇ ಹರಡಿತು.

ಇನ್ನು ‘ಆರಾಮದಾಯಕ’. ಈ ಪದದಿಂದ ನನಗೆ ಏನೇನೂ ಉಪಯೋಗವಾಗಲಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡರೆ ಎಲ್ಲವೂ ಆರಾಮವೇ. ನಾಲ್ಕನೆಯ ಗಂಟೆಯಲ್ಲಿ ಏನಾಗುತ್ತದೆ ಎಂದು ಹೇಳಲು ಕನ್ನಡದಲ್ಲಿ ಬೇರೆಬೇರೆ ಕ್ರಿಯಾಪದಗಳಿವೆ, ಒಂದೊಂದೂ ಒಂದೊಂದು ದೋಷದ ಕಡೆ ಬೆರಳು ತೋರುತ್ತದೆ. ಕಣತಲೆ ಹಿಂಡುತ್ತಿದೆಯೇ? ತಲೆಪಟ್ಟಿಯ ಬಿಗಿ ಹೆಚ್ಚು. ನೆತ್ತಿ ಒತ್ತುತ್ತಿದೆಯೇ? ಭಾರವೆಲ್ಲ ಒಂದೇ ಕಡೆ ಬಿದ್ದಿದೆ. ಕಿವಿ ಕಾಯುತ್ತಿದೆಯೇ, ಬೆವರುತ್ತಿದೆಯೇ? ಮೆತ್ತೆ ರೆಕ್ಸಿನ್ನಿನದು, ಮಖಮಲ್ಲಿನಂಥ ಬಟ್ಟೆಯದಾದರೆ ವಾಸಿ. ಹೊರಗಿನ ಸದ್ದನ್ನು ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್ ಹಾಕಿದೊಡನೆ ಘಟ್ಟದ ಬಸ್ಸಿನಲ್ಲಿ ಆಗುವಂತೆ ಕಿವಿ ಕಟ್ಟುತ್ತಿದೆಯೇ? ಹಲವರಿಗೆ ಹಾಗೆ ಅನಿಸುತ್ತದೆ. ಅದನ್ನು ನಿಲ್ಲಿಸಿದರೆ ಬಿಡುತ್ತದೆ.

‘ತೂಕ’ ಮತ್ತು ‘ಭಾರ’ ಇವೆರಡನ್ನೂ ಬೇರೆ ಇಡಬೇಕು ಎಂಬುದು ನನ್ನ ಹಟ. ತೂಕ ತಕ್ಕಡಿಯದು, ಭಾರ ತಲೆಯದು. ಸೆನ್‌ಹೈಸರ್ ಎಚ್‌ಡಿ 600 ಸುಮಾರು 260 ಗ್ರಾಂ, ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ. ಅಂಕಿ ಕಡಿಮೆ ಎಂದ ಮಾತ್ರಕ್ಕೆ ಭಾರ ಕಡಿಮೆಯಾಗಬೇಕಿಲ್ಲ. ಅಗಲವಾದ ಪಟ್ಟಿ ನೆತ್ತಿಯ ತುಂಬ ಹಂಚಿಕೊಂಡರೆ ತೂಕದ್ದೂ ಹಗುರ ಅನಿಸುತ್ತದೆ, ಕಿರಿದಾದ ಪಟ್ಟಿಯಲ್ಲಿ ಹಗುರವಾದದ್ದೂ ಭಾರ.

ಈ ಪದಗಳಲ್ಲಿ ನನ್ನನ್ನು ನಿಜಕ್ಕೂ ಕಟ್ಟಿಹಾಕಿದ್ದು ‘ಕಚ್ಚು’. ಹೊಸ ಚಪ್ಪಲಿ ಕಚ್ಚುತ್ತದೆ, ಅದು ನೋವು. ಡಬ್ಬಿಯ ಮುಚ್ಚಳ ಕಚ್ಚಿಕೊಂಡು ಕೂರುತ್ತದೆ, ಅದು ಗುಣ. ಹೆಡ್‌ಫೋನಿಗೆ ಎರಡನೆಯದು ಬೇಕು, ಮೊದಲನೆಯದು ಬೇಡ. ಮುಚ್ಚಿದ ಬೆನ್ನಿನ (ಬಟ್ಟಲಿನ ಹೊರಬದಿ ಪೂರ್ತಿ ಮುಚ್ಚಿರುವ) ಹೆಡ್‌ಫೋನಿನಲ್ಲಿ ಸಿಂಬೆಗೂ ತಲೆಗೂ ನಡುವೆ ಸಂದಿ ಉಳಿದರೆ ಮಂದ್ರದ ನಾದ ಸೋರಿಹೋಗುತ್ತದೆ, ಹೊರಗಿನ ಸದ್ದು ಒಳಬರುತ್ತದೆ, ನಾವು ಗೊತ್ತಿಲ್ಲದೆಯೇ ಸದ್ದು ಏರಿಸುತ್ತೇವೆ. ದಿನವಿಡೀ ಕೇಳುವವರಿಗೆ ಇದು ಸಣ್ಣ ಮಾತಲ್ಲ: ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಕನ್ನಡಕ ಹಾಕುವ ನಮ್ಮಂಥವರಿಗೆ ಕಡ್ಡಿಯ ಪಕ್ಕದಲ್ಲಿ ಆ ಸಂದಿ ಇದ್ದೇ ಇರುತ್ತದೆ. ಹೀಗೆ ಒಳ್ಳೆಯ ರೀತಿಯಲ್ಲಿ ಕಚ್ಚಿ ಕೂರುವುದಕ್ಕೆ ಒಂದೇ ಪದ ಇದೆಯೇ? ‘ಹಿಡಿತ’ ಅಂದರೆ ಪಟ್ಟಿಯ ನೆನಪಾಗುತ್ತದೆ, ‘ಬಿಗಿ’ ಅಂದರೆ ನೋವಿನದು. ಬಡಗಿಗಳು, ಮಡಕೆ ಮಾಡುವವರು, ಗಾಡಿಯ ಚಕ್ರ ಕೂಡಿಸುವವರು ಸಂದಿಯಿಲ್ಲದೆ ಕೂರುವುದಕ್ಕೆ ಏನನ್ನುತ್ತಾರೆ ಎಂದು ಬಲ್ಲವರು ತಿಳಿಸಬೇಕು.

ಬೆನ್ನಿಗೆ ಜಾಲರಿ ಇಟ್ಟು ಬಿಟ್ಟ ಜಾತಿಗೆ ಮಾತ್ರ ನನಗೆ ಪದ ಸಿಕ್ಕಿದೆ: ‘ಗಾಳಿಯಾಡುವ’. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414, ಹಳದಿ ಸ್ಪಂಜಿನದು, ಈ ಜಾತಿಗೆ ಮೊದಲಿಗ. ಮನೆಗೆ ಹೇಳುವ ಮಾತೇ ಇಲ್ಲಿಗೂ ಹೊಂದುತ್ತದೆ. ಕಿವಿ ಕಾಯುವುದಿಲ್ಲ, ಆದರೆ ಒಳಗಿನ ಹಾಡು ಪಕ್ಕದವರಿಗೂ ಕೇಳುತ್ತದೆ. ಒಂಟಿ ಕೋಣೆ ಇರುವುದರಿಂದ ನಾನೀಗ ಬಳಸುತ್ತಿರುವುದು ಗಾಳಿಯಾಡುವ ಸಿಂಬೆಯದನ್ನೇ.

‘ಆರಾಮದಾಯಕ’ದ ಬದಲು ನಾನು ‘ಒಗ್ಗು’ ಬಳಸತೊಡಗಿದ್ದೇನೆ. ಊರಿನ ನೀರು ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ. ನೀರಿನದೂ ತಪ್ಪಲ್ಲ, ಮೈಯದೂ ತಪ್ಪಲ್ಲ. ತಲೆಯ ಅಗಲ, ಕಿವಿಯ ಉದ್ದ, ಕನ್ನಡಕ, ಜಡೆ ಎಲ್ಲ ಸೇರಿ ತೀರ್ಮಾನವಾಗುವ ಮಾತು ಇದು. ಹೆಡ್‌ಫೋನ್ ‘ಒಗ್ಗುವುದು’ ನಿಮ್ಮ ಕಿವಿಗೆ ಸಹಜವಾಗಿ ಕೇಳುತ್ತದೆಯೇ?

ಕೊನೆಯದಾಗಿ, ಸಿಂಬೆ, ಸಿಂಬಿ ಎರಡನ್ನೂ ಕೇಳಿದ್ದೇನೆ. ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ಕೊಡದ ಕೆಳಗಿನ ಬಟ್ಟೆಯ ಸುರುಳಿಗೆ ಏನನ್ನುತ್ತಾರೆ, ಮತ್ತು ಈಗಿನ ಮಕ್ಕಳಿಗೆ ಆ ಪದ ಗೊತ್ತಿದೆಯೇ?